ಅಪ್ಪನ ಬೆನ್ನು, ಮಕ್ಕಳ ಬೆನ್ನು: ಡಿಸ್ಕ್ ಸವಕಳಿ ಕಲಿಸಿದ ಪಾಠಗಳು

ಸೊಂಟನೋವಿಗೆಂದು ಬರುವವರಲ್ಲಿ ಹೆಚ್ಚಿನವರು ಕಾರಣವನ್ನು ತಾವೇ ಪತ್ತೆ ಮಾಡಿಕೊಂಡು ಬಂದಿರುತ್ತಾರೆ. ಅಡಿಕೆ ಮೂಟೆ ಎತ್ತಿದ್ದು, ಮಳೆಗಾಲದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿದ್ದು, ಬೈಕು ಗುಂಡಿಗೆ ಇಳಿದದ್ದು, ಹೆರಿಗೆಯ ಹೊತ್ತಿಗೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನು, ಬೆಂಗಳೂರಿನ ಆಫೀಸಿನ ಕುರ್ಚಿ. ಈ ಪಟ್ಟಿಯಲ್ಲಿ ಅಪ್ಪ ಅಮ್ಮ ಇರುವುದು ಅಪರೂಪ. ಇದ್ದರೆ, ಹೊರಡುವಾಗ ಬಾಗಿಲ ಬಳಿ ನಿಂತು ಹೇಳುವ ಮಾತಾಗಿರುತ್ತದೆ: "ಅಪ್ಪಂಗೂ ಹಿಂಗೇ ಇತ್ತು ಡಾಕ್ಟ್ರೇ."

ಶಿವಮೊಗ್ಗದಲ್ಲಿ ಮೂಳೆ ವೈದ್ಯನಾಗಿ ಕೂತ ನನಗೆ, ಬಾಗಿಲ ಬಳಿಯ ಆ ಮಾತಿಗೆ ಮೊದಲೇ ಜಾಗ ಕೊಡಬೇಕು ಅನ್ನಿಸಿದ್ದು ಕ್ರಮೇಣ. ಡಿಸ್ಕ್ ಸವಕಳಿಯಲ್ಲಿ ವಂಶದ ಪಾಲು ನಾವು ಅಂದುಕೊಂಡದ್ದಕ್ಕಿಂತ ದೊಡ್ಡದು. ಆ ಪಾಲಿಗೆ ಹೆದರಬೇಕಾದ ಕಾರಣ ಮಾತ್ರ ಜನ ಅಂದುಕೊಂಡದ್ದಕ್ಕಿಂತ ಚಿಕ್ಕದು. ಇವೆರಡನ್ನೂ ಒಟ್ಟಿಗೆ ಹಿಡಿದುಕೊಂಡು ರೋಗಿಯ ಜೊತೆ ಮಾತಾಡುವುದು ಹೇಗೆ ಎಂಬುದೇ ಇಲ್ಲಿನ ಪಾಠಗಳ ತಿರುಳು.

1. ಮೂಟೆಯನ್ನು ದೂರುವ ಮೊದಲು ಮನೆಯವರ ಬೆನ್ನು ವಿಚಾರಿಸಿ

ನಾವು ಓದುವ ಕಾಲಕ್ಕೆ ಡಿಸ್ಕ್ ಸವಕಳಿಯ ಪಾಠ ಸರಳವಾಗಿತ್ತು: ವಯಸ್ಸು, ಭಾರ, ಬಗ್ಗಿ ಏಳುವುದು, ಗಾಡಿಯ ಕುಲುಕಾಟ. ಈ ನಂಬಿಕೆಯನ್ನು ಅಲುಗಾಡಿಸಿದವರು ಫಿನ್ಲೆಂಡಿನ ಅವಳಿಗಳು. ಮಿಷೆಲ್ ಬ್ಯಾಟಿಯೆ, ಟಪಿಯೊ ವಿಡೆಮನ್ ಮತ್ತು ಸಂಗಡಿಗರು 115 ಜೋಡಿ ತದ್ರೂಪಿ ಗಂಡು ಅವಳಿಗಳ ಸೊಂಟದ ಎಂಆರ್‌ಐ ತೆಗೆದರು. ಹುಟ್ಟಿನಿಂದ ಒಂದೇ ಜೀನ್ ಪಡೆದವರು ಬೆಳೆದ ಮೇಲೆ ಬೇರೆ ಬೇರೆ ದುಡಿಮೆ ಮಾಡಿದ್ದರು. ಯಾರು ಎಷ್ಟು ಭಾರ ಎತ್ತಿದರು, ಎಷ್ಟು ವರ್ಷ ಗಾಡಿ ಓಡಿಸಿದರು, ಬಿಡುವಿನಲ್ಲಿ ಏನು ಮಾಡಿದರು ಎಂಬುದನ್ನೆಲ್ಲ ಕೇಳಿ ಬರೆದುಕೊಂಡರು.

1995ರಲ್ಲಿ ಬಂದ ಫಲಿತಾಂಶ ಹೀಗಿತ್ತು. ಸೊಂಟದ ಮೇಲ್ಭಾಗದ ಡಿಸ್ಕ್‌ಗಳಲ್ಲಿ ಒಬ್ಬರಿಂದೊಬ್ಬರಿಗೆ ಕಂಡ ವ್ಯತ್ಯಾಸದಲ್ಲಿ ಕೆಲಸದ ಹೊರೆ ವಿವರಿಸಿದ್ದು ಶೇ. 7 ಮಾತ್ರ. ವಯಸ್ಸನ್ನು ಸೇರಿಸಿದಾಗ ಅದು ಶೇ. 16 ಆಯಿತು. ಒಂದೇ ಕುಟುಂಬದವರು ಎಂಬ ಅಂಶವನ್ನೂ ಸೇರಿಸಿದಾಗ ಶೇ. 77ಕ್ಕೆ ಏರಿತು. ಕೆಳಭಾಗದಲ್ಲಿ, ಅಂದರೆ ಎಲ್4ರಿಂದ ಎಸ್1ರವರೆಗೆ, ಬಿಡುವಿನ ವೇಳೆಯ ದೈಹಿಕ ಶ್ರಮದ ಪಾಲು ಶೇ. 2, ವಯಸ್ಸು ಸೇರಿ ಶೇ. 9, ಕುಟುಂಬ ಸೇರಿ ಶೇ. 43.

ಕುಟುಂಬ ಎಂದಾಗ ಅದರೊಳಗೆ ಜೀನ್ ಇರುತ್ತದೆ, ಬಾಲ್ಯದಲ್ಲಿ ಒಟ್ಟಿಗೆ ಉಂಡ ಅನ್ನವೂ ಇರುತ್ತದೆ. ಇವನ್ನು ಬಿಡಿಸಲು ತದ್ರೂಪಿ ಅವಳಿಗಳನ್ನು, ಒಂದೇ ಬಸಿರಿನಲ್ಲಿ ಬೆಳೆದರೂ ಸಾಮಾನ್ಯ ಒಡಹುಟ್ಟಿದವರಷ್ಟೇ ಜೀನ್ ಹಂಚಿಕೊಂಡ ಅವಳಿಗಳ ಜೊತೆ ಹೋಲಿಸಬೇಕು. 1999ರಲ್ಲಿ ಸ್ಯಾಂಬ್ರೂಕ್, ಮ್ಯಾಕ್‌ಗ್ರೆಗರ್, ಸ್ಪೆಕ್ಟರ್ ಅವರು ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಅವಳಿಗಳಲ್ಲಿ ಅದನ್ನೇ ಮಾಡಿದರು. ಸೊಂಟದ ಡಿಸ್ಕ್ ಸವಕಳಿಗೆ ಶೇ. 74, ಕುತ್ತಿಗೆಯದಕ್ಕೆ ಶೇ. 73ರಷ್ಟು ಅನುವಂಶಿಕತೆ ಸಿಕ್ಕಿತು.

ಗಾಡಿ ಓಡಿಸುವವರ ವಿಷಯವೂ ಹೀಗೆಯೇ. 2002ರಲ್ಲಿ ಬ್ಯಾಟಿಯೆ ಅವರ ತಂಡ ಫಿನ್ಲೆಂಡಿನ 45 ಜೋಡಿ ತದ್ರೂಪಿ ಅವಳಿಗಳನ್ನು ನೋಡಿತು. ಪ್ರತಿ ಜೋಡಿಯಲ್ಲೂ ಒಬ್ಬನಿಗೆ ಮಾತ್ರ ವರ್ಷಗಟ್ಟಲೆ ಗಾಡಿ ಓಡಿಸುವ ಕೆಲಸ. ಡಿಸ್ಕ್ ಸವಕಳಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲಾರಿ ಚಾಲಕರಿಗೆ ಬೆನ್ನುನೋವು ಬರುವುದಿಲ್ಲ ಎಂದು ಇದರ ಅರ್ಥವಲ್ಲ. ಅವರ ಡಿಸ್ಕ್ ಸವೆದದ್ದಕ್ಕೆ ಸ್ಟೇರಿಂಗ್ ಒಂದನ್ನೇ ಹೊಣೆ ಮಾಡಲಾಗದು ಎಂದಷ್ಟೇ.

ಇದನ್ನು ಹೇಳಿದಾಗ ಎಷ್ಟೋ ಜನರ ಮುಖ ಹಗುರಾಗುತ್ತದೆ. "ಆವತ್ತು ಆ ಮೂಟೆ ಎತ್ತದೇ ಇದ್ದಿದ್ದರೆ" ಎಂದು ಕೊರಗುವ ಕೊನೆಗಾರನಿಗೆ, ಅದು ಆ ಒಂದು ದಿನದ ಫಲವಲ್ಲ ಎಂದು ತಿಳಿಯುವುದೂ ಚಿಕಿತ್ಸೆಯ ಭಾಗವೇ.

2. ಶೇಕಡಾ ಲೆಕ್ಕವನ್ನು ಎದುರಿಗೆ ಕೂತವರ ಬೆನ್ನಿಗೆ ಅಂಟಿಸಬೇಡಿ

ಶೇ. 74 ಎಂದು ಕೇಳಿದ ತಕ್ಷಣ ರೋಗಿ, "ಹಾಗಾದ್ರೆ ನನ್ನ ನೋವಿನಲ್ಲಿ ಮುಕ್ಕಾಲು ಪಾಲು ಅಪ್ಪನದ್ದಾ?" ಎಂದು ಕೇಳುತ್ತಾರೆ. ಕಿರಿಯ ವೈದ್ಯರೂ ಹಾಗೇ ಓದಿಕೊಳ್ಳುತ್ತಾರೆ. ಆ ಅಂಕಿ ಒಬ್ಬ ವ್ಯಕ್ತಿಯದ್ದಲ್ಲ, ಒಂದು ಗುಂಪಿನ ಜನರ ನಡುವಿನ ವ್ಯತ್ಯಾಸದ್ದು. ಒಂದೇ ಗದ್ದೆಯಲ್ಲಿ ಹತ್ತು ತಳಿಯ ಭತ್ತ ಬಿತ್ತಿದರೆ ಇಳುವರಿಯ ಹೆಚ್ಚು ಕಡಿಮೆಯೆಲ್ಲ ತಳಿಯದೆನಿಸುತ್ತದೆ; ಒಂದೇ ತಳಿಯನ್ನು ಹತ್ತು ಗದ್ದೆಗೆ ಬಿತ್ತಿದರೆ ಎಲ್ಲವೂ ಮಣ್ಣು ನೀರಿನದೆನಿಸುತ್ತದೆ. ಭತ್ತ ಅದೇ, ಲೆಕ್ಕ ಬೇರೆ.

ಫಿನ್ಲೆಂಡಿನ ಕೂಲಿಗೂ ನಮ್ಮ ಕೂಲಿಗೂ ಹೊರೆಯ ಅಂತರವಿದೆ, ಉಣ್ಣುವುದರಲ್ಲಿ ಅಂತರವಿದೆ. ಹಾಗಾಗಿ ಅಲ್ಲಿನ ಶೇಕಡಾವಾರನ್ನು ಎತ್ತಿ ತಂದು ಮಲೆನಾಡಿನ ಕಾರ್ಮಿಕನಿಗೆ ಹೇಳುವುದಿಲ್ಲ. ನಾನು ಹೇಳುವುದು ಇಷ್ಟು: "ನಿಮ್ಮ ಡಿಸ್ಕ್ ಬೇಗ ಸವೆಯಬೇಕೋ ನಿಧಾನವಾಗಿ ಸವೆಯಬೇಕೋ ಎಂಬುದರಲ್ಲಿ ಹುಟ್ಟಿಗೆ ದೊಡ್ಡ ಕೈ ಇದೆ. ಕೆಲಸಕ್ಕೂ ಸ್ವಲ್ಪ ಇದೆ." ಇದಕ್ಕಿಂತ ನಿಖರವಾದ ಮಾತು ಒಬ್ಬ ರೋಗಿಯ ಮಟ್ಟಿಗೆ ಯಾರಿಂದಲೂ ಸಾಧ್ಯವಿಲ್ಲ.

3. "ಮನೆಯಲ್ಲಿ ಯಾರಿಗಾದರೂ ಡಿಸ್ಕ್ ಇದೆಯಾ" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ

ಅಜ್ಜನ ಕಾಲದಲ್ಲಿ ಎಂಆರ್‌ಐ ಇರಲಿಲ್ಲ. ಅವರ ಕಾಯಿಲೆಗೆ ಹೆಸರೇ ಇರಲಿಲ್ಲ. ಹಾಗಾಗಿ ಪ್ರಶ್ನೆ ಬದಲಿಸಬೇಕು. ಅಪ್ಪ ಯಾವಾಗಲಾದರೂ ಸೊಂಟಕ್ಕೆ ಬೆಲ್ಟ್ ಕಟ್ಟುತ್ತಿದ್ದರಾ? ಯಾರಾದರೂ ಒಂದು ಕಾಲು ಎಳೆದುಕೊಂಡು ನಡೆಯುತ್ತಿದ್ದರಾ? ನಾಟಿಯ ಹೊತ್ತಿಗೆ ಸೊಂಟ ಹಿಡಿದು ಮಲಗಿದವರು ಯಾರು? ಎಣ್ಣೆ ಉಜ್ಜಿಸಿಕೊಳ್ಳಲು, ಕಟ್ಟು ಹಾಕಿಸಿಕೊಳ್ಳಲು ಊರೂರು ತಿರುಗಿದವರು ಇದ್ದರಾ? ಅದು ಅವರ ಎಷ್ಟನೇ ವಯಸ್ಸಿನಲ್ಲಿ? ಆಗ ಕಥೆಗಳು ಹೊರಬರುತ್ತವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಸೊಸೆಯ ಜೊತೆಗೆ ಬರುವವರು ಅತ್ತೆ. ಕುಟುಂಬದ ಪ್ರಶ್ನೆಗೆಲ್ಲ ಉತ್ತರ ಕೊಡುವವರೂ ಅವರೇ. "ನನಗೂ ಸೊಂಟನೋವು, ನಮ್ಮೆಜಮಾನ್ರಿಗೂ" ಎಂದು ಅವರು ಹೇಳಿದ್ದನ್ನು ಬರೆದುಕೊಂಡರೆ ಕಾಗದ ತುಂಬುತ್ತದೆ, ಸೊಸೆಯ ಡಿಸ್ಕಿಗೆ ಅದರಿಂದ ಏನೂ ತಿಳಿಯುವುದಿಲ್ಲ. ತವರಿನ ಕಡೆ ಕೇಳಬೇಕು. ಅತ್ತೆಯೇ ಸೋದರತ್ತೆಯೂ ಆಗಿದ್ದರೆ ಲೆಕ್ಕ ಬೇರೆ, ಆದ್ದರಿಂದ ಅದನ್ನೂ ಕೇಳಬೇಕು.

ವಯಸ್ಸನ್ನು ನಾನು ಬಿಡುವುದೇ ಇಲ್ಲ. ಎಪ್ಪತ್ತು ದಾಟಿದ ಅಜ್ಜಿಯ ಸವೆದ ಡಿಸ್ಕಿನಿಂದ ವಂಶದ ಸುಳಿವು ಸಿಗದು. ಆ ವಯಸ್ಸಿಗೆ ಅದು ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ. ಮೂವತ್ತರೊಳಗೆ ಕಾಲಿಗೆ ಸೆಳೆತ ಬಂದ ಅಣ್ಣ ಇದ್ದರೆ ಅದು ಸುಳಿವು. ಅಮೆರಿಕದಲ್ಲಿ 1991ರಲ್ಲಿ ವರದಿಯಾದ ಅಧ್ಯಯನವೊಂದರಲ್ಲಿ, 21 ವರ್ಷಕ್ಕಿಂತ ಮೊದಲೇ ಡಿಸ್ಕ್ ಜಾರಿದವರ ಪೈಕಿ ಶೇ. 32 ಮಂದಿಗೆ ಕುಟುಂಬದ ಇತಿಹಾಸವಿತ್ತು. ಹೋಲಿಕೆಗೆ ಇಟ್ಟುಕೊಂಡವರಲ್ಲಿ ಅದು ಶೇ. 7. ಯೂಟಾ ರಾಜ್ಯದ ವಂಶಾವಳಿ ದಾಖಲೆಗಳನ್ನು ಬಳಸಿದ 2011ರ ಅಧ್ಯಯನದಲ್ಲಿ, ಡಿಸ್ಕ್ ರೋಗಿಗಳ ತಂದೆ ತಾಯಿ, ಒಡಹುಟ್ಟಿದವರು, ಮಕ್ಕಳಿಗೆ ಅಪಾಯ ಸುಮಾರು ನಾಲ್ಕು ಪಟ್ಟು ಇತ್ತು. ದೂರದ ನೆಂಟರಲ್ಲೂ, ಅಂದರೆ ಒಂದೇ ಅಜ್ಜನ ಮೊಮ್ಮಕ್ಕಳಂಥವರಲ್ಲೂ, ಒಂದೂವರೆ ಪಟ್ಟಿನ ಹತ್ತಿರವಿತ್ತು. ಬೇರೆ ಮನೆ, ಬೇರೆ ಅಡುಗೆ, ಬೇರೆ ಕೆಲಸ ಇರುವವರಲ್ಲೂ ಇದು ಕಂಡದ್ದರಿಂದಲೇ ಜೀನಿನ ಕೈವಾಡ ಗಟ್ಟಿಯಾಗಿ ತೋರುತ್ತದೆ.

4. ಮನೆಮಂದಿಗೆಲ್ಲ ಬಂದದ್ದೆಲ್ಲ ವಂಶದ್ದಲ್ಲ

ಕರ್ನಾಟಕದಲ್ಲಿ ಈ ಪಾಠವನ್ನು ಮರೆಯುವಂತಿಲ್ಲ. ಪಾವಗಡ, ಚಿತ್ರದುರ್ಗ, ಕೋಲಾರ, ಕೊಪ್ಪಳ, ಗದಗದ ಕಡೆಯಿಂದ ಬಂದವರು ಅಪ್ಪ, ಅಮ್ಮ, ಚಿಕ್ಕಪ್ಪ ಎಲ್ಲರ ಬೆನ್ನೂ ಬಗ್ಗದಂತಾಗಿದೆ ಎಂದರೆ ನಾನು ಮೊದಲು ನೋಡುವುದು ಹಲ್ಲು. ಕೇಳುವುದು ಬೋರ್‌ವೆಲ್ ನೀರಿನ ವಿಷಯ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸ್ವೀಕಾರಾರ್ಹ. ಬೇರೆ ನೀರೇ ಇಲ್ಲದಾಗ 1.5ರವರೆಗೆ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ ದಟ್ಟವಾಗುತ್ತದೆ, ಬೆನ್ನಿನ ಕಟ್ಟುನಾರುಗಳಲ್ಲಿ ಸುಣ್ಣ ಕಟ್ಟುತ್ತದೆ, ನರಗಳ ದಾರಿ ಕಿರಿದಾಗುತ್ತದೆ. ಒಂದೇ ಬೋರ್‌ವೆಲ್ ನೀರು ಕುಡಿದ ಸೊಸೆಗೂ ಅದೇ ತೊಂದರೆ, ಪಕ್ಕದ ಮನೆಯವರಿಗೂ ಅದೇ. ರಕ್ತಸಂಬಂಧ ಇಲ್ಲದವರಲ್ಲೂ ಕಂಡಿತು ಎಂದಾದರೆ ಜೀನನ್ನು ಬಿಟ್ಟು ನೀರನ್ನು ಹಿಡಿಯಬೇಕು.

ಇದಕ್ಕೆ ತಿರುಗುಮುರುಗಾದ ಕಥೆ ನಮ್ಮ ಜಿಲ್ಲೆಯದ್ದೇ. 1970ರ ದಶಕದ ಮಧ್ಯದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಸೊಂಟ, ತೊಡೆಸಂದು, ಮಂಡಿಗಳು ಹಾಳಾಗಿ ನಡೆಯಲಾರದೇ ಹೋದ ಜನ ಕಾಣಿಸಿಕೊಂಡರು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಗುಮಾನಿ ಆಗ ಬಲವಾಗಿತ್ತು. ಆಮೇಲೆ ಕುಟುಂಬಗಳ ವಂಶಾವಳಿ ಬಿಡಿಸಿ ಎಕ್ಸ್‌ರೇ ನೋಡಿದ ಸಂಶೋಧಕರಿಗೆ, ತಲೆಮಾರಿನಿಂದ ತಲೆಮಾರಿಗೆ ಇಳಿಯುವ, ಬೆನ್ನುಮೂಳೆ ಮತ್ತು ಕೀಲುಗಳ ಬೆಳವಣಿಗೆಯನ್ನೇ ಕೆಡಿಸುವ ಆನುವಂಶಿಕ ರೋಗ ಅಲ್ಲಿ ಕಂಡಿತು. ಅಲ್ಲಿ ನೆಲ ನೀರನ್ನು ದೂರಿದೆವು, ಕಾರಣ ರಕ್ತದಲ್ಲಿತ್ತು. ಫ್ಲೋರೈಡ್ ಊರುಗಳಲ್ಲಿ ರಕ್ತವನ್ನು ದೂರುತ್ತೇವೆ, ಕಾರಣ ನೀರಿನಲ್ಲಿರುತ್ತದೆ. ಎರಡೂ ಕಡೆ ದಾರಿ ತೋರಿಸುವುದು ಯಾರು ಯಾರಿಗೆ ಏನಾಗಬೇಕು ಎಂದು ಬರೆದ ಒಂದು ಹಾಳೆ.

5. ಡಿಸ್ಕಿನ ರಚನೆ ಅರ್ಥವಾದರೆ ಜೀನ್‌ಗಳ ಪಟ್ಟಿ ತಾನಾಗಿ ಅರ್ಥವಾಗುತ್ತದೆ

ಬೆನ್ನುಮೂಳೆಯ ಎರಡು ಬಿಲ್ಲೆಗಳ ನಡುವಿನ ಡಿಸ್ಕಿನ ನಡುವೆ ನೀರು ಹಿಡಿದಿಟ್ಟುಕೊಂಡ ಮೆತ್ತನೆಯ ತಿರುಳಿದೆ, ಸುತ್ತ ಪದರ ಪದರವಾದ ನಾರಿನ ಕಟ್ಟು ಇದೆ. ಮೇಲೆ ಕೆಳಗೆ ಎಂಡ್‌ಪ್ಲೇಟ್ ಎಂಬ ತೆಳು ಮೃದ್ವಸ್ಥಿ. ತಿರುಳಿನಲ್ಲಿ ನೀರನ್ನು ಸೆಳೆದು ಹಿಡಿಯುವುದು ಅಗ್ರಿಕ್ಯಾನ್ ಎಂಬ ದೊಡ್ಡ ಅಣು. ಎಲ್ಲವನ್ನೂ ಹೆಣೆದು ನಿಲ್ಲಿಸುವುದು ಕೊಲಾಜನ್. ವಯಸ್ಕರ ಡಿಸ್ಕಿನ ಒಳಕ್ಕೆ ರಕ್ತನಾಳ ಹೋಗುವುದಿಲ್ಲ. ಆಹಾರ, ಆಮ್ಲಜನಕ ಎಂಡ್‌ಪ್ಲೇಟ್ ಮೂಲಕ ನಿಧಾನವಾಗಿ ಒಸರಿ ಬರಬೇಕು. ಆದ್ದರಿಂದಲೇ ಕೆಟ್ಟದ್ದು ಸರಿಯಾಗುವುದು ನಿಧಾನ.

ಈಗ ಜೀನ್‌ಗಳನ್ನು ನೋಡಿ. 1998ರಲ್ಲಿ ಫಿನ್ಲೆಂಡಿನ ಅವಳಿಗಳಲ್ಲಿ ವಿಟಮಿನ್ ಡಿ ಗ್ರಾಹಕದ ಜೀನಿಗೂ ಸವಕಳಿಗೂ ನಂಟು ಕಂಡಿತು. 1999ರಲ್ಲಿ ಜಪಾನಿನ ಯುವತಿಯರಲ್ಲಿ ಅಗ್ರಿಕ್ಯಾನ್ ಜೀನ್. ಅದೇ ವರ್ಷ ಫಿನ್ಲೆಂಡಿನಲ್ಲಿ ಒಂಬತ್ತನೇ ಬಗೆಯ ಕೊಲಾಜನ್ನಿನ ಒಂದು ಬದಲಾವಣೆ. 2005ರಲ್ಲಿ ಜಪಾನಿನಿಂದ ಮೃದ್ವಸ್ಥಿಯ ನಡುಪದರದ ಒಂದು ಪ್ರೋಟೀನ್. 2013ರಲ್ಲಿ ಅಗ್ರಿಕ್ಯಾನ್‌ನಂಥ ಅಣುಗಳಿಗೆ ಸಲ್ಫೇಟ್ ಕೂಡಿಸುವ ಕಿಣ್ವದ ಜೀನ್. ನೀರು ಹಿಡಿಯುವವರು, ನೇಯುವವರು, ದುರಸ್ತಿ ಮಾಡುವವರು, ಹೀಗೆ ಡಿಸ್ಕಿನ ಒಳಗಿನ ಕೆಲಸಗಾರರೆಲ್ಲ ಈ ಪಟ್ಟಿಯಲ್ಲಿದ್ದಾರೆ. ಒಬ್ಬೊಬ್ಬರ ಪ್ರಭಾವ ಚಿಕ್ಕದು. ಹಲವು ಚಿಕ್ಕವು ಒಬ್ಬನಲ್ಲೇ ಕೂಡಿದಾಗ ಮೂವತ್ತಕ್ಕೇ ಎಂಆರ್‌ಐಯಲ್ಲಿ ಡಿಸ್ಕ್ ಕಪ್ಪಗೆ ಕಾಣುತ್ತದೆ.

ಎಂಡ್‌ಪ್ಲೇಟ್ ವಿಷಯದಲ್ಲಿ ನಮ್ಮ ನೆರೆಯ ಕೊಯಮತ್ತೂರಿನ ಕೆಲಸ ದೊಡ್ಡದು. ಗಂಗಾ ಆಸ್ಪತ್ರೆಯ ಎಸ್. ರಾಜಶೇಖರನ್ ಮತ್ತು ತಂಡದವರು ಡಿಸ್ಕ್ ಜಾರಿದ 181 ಜನರನ್ನು ಪರೀಕ್ಷಿಸಿ, ಸುಮಾರು ಶೇ. 65 ಮಂದಿಯಲ್ಲಿ ಮೊದಲು ಸೋತದ್ದು ಹೊರಗಿನ ನಾರಿನ ಕಟ್ಟಲ್ಲ, ಎಂಡ್‌ಪ್ಲೇಟ್ ಕೂಡುವ ಜಾಗ ಎಂದು 2013ರಲ್ಲಿ ತೋರಿಸಿದರು.

6. ಒಂದು ದೇಶದ ಜೀನ್ ಇನ್ನೊಂದು ದೇಶದಲ್ಲಿ ಅದೇ ಮಾತು ಹೇಳುವುದಿಲ್ಲ. ಟೆಸ್ಟಿಗೆ ದುಡ್ಡು ಸುರಿಯಬೇಡಿ

ಮೇಲೆ ಹೇಳಿದ ಕೊಲಾಜನ್ ಬದಲಾವಣೆ ಫಿನ್ಲೆಂಡಿನ 157 ರೋಗಿಗಳಲ್ಲಿ 6 ಜನರಿಗಿತ್ತು, ಆರೋಗ್ಯವಂತ 174 ಜನರಲ್ಲಿ ಒಬ್ಬರಿಗೂ ಇರಲಿಲ್ಲ. ಅಲ್ಲಿ ಅದು ಅಪರೂಪದ ಅಪರಾಧಿ. ದಕ್ಷಿಣ ಚೀನಾದ ಜನರಲ್ಲಿ ಹುಡುಕಿದಾಗ ಅದು ಶೇ. 20 ಮಂದಿಯಲ್ಲಿ ಸಿಕ್ಕಿತು. ಅದರ ಜೊತೆಗಾರ ಬದಲಾವಣೆಯೊಂದು ಫಿನ್ಲೆಂಡಿನಲ್ಲಿ ಅಪಾಯವನ್ನು ಸುಮಾರು ಮೂರು ಪಟ್ಟು ಮಾಡಿತ್ತು. ದಕ್ಷಿಣ ಚೀನಾದವರಲ್ಲಿ ಅದು ಇರಲೇ ಇಲ್ಲ. ರಾಜಶೇಖರನ್ ತಂಡ 809 ರೋಗಿಗಳ ಅಧ್ಯಯನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಸವಕಳಿಯನ್ನು ಯಾವ ಲಕ್ಷಣದಿಂದ ಅಳೆಯುತ್ತೇವೆ, ಎಷ್ಟು ಜನರನ್ನು ಸೇರಿಸುತ್ತೇವೆ ಎಂಬುದು ಬದಲಾದರೆ ಯಾವ ಜೀನ್ ತಪ್ಪಿತಸ್ಥ ಎಂಬ ತೀರ್ಪೂ ಬದಲಾಗುತ್ತದೆ.

ಈಗ ಉಗುಳು ಕಳಿಸಿದರೆ ಜೀನ್ ವರದಿ ಮನೆಗೆ ಬರುತ್ತದೆ. ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಅದನ್ನು ಮೊಬೈಲಿನಲ್ಲಿ ತೆರೆದು ತೋರಿಸುತ್ತಾರೆ, "ಡಿಸ್ಕ್ ಅಪಾಯ: ಹೆಚ್ಚು" ಎಂದು. ನನ್ನ ಉತ್ತರ ಒಂದೇ. ಆ ಸಾಲು "ಕಡಿಮೆ" ಎಂದಿದ್ದರೂ ನಾನು ಕೊಡುವ ಚಿಕಿತ್ಸೆ, ಹೇಳುವ ವ್ಯಾಯಾಮ, ಆಪರೇಷನ್ನಿನ ತೀರ್ಮಾನ ಯಾವುದೂ ಬದಲಾಗುತ್ತಿರಲಿಲ್ಲ. ಏನನ್ನೂ ಬದಲಿಸದ ಟೆಸ್ಟಿಗೆ ದುಡ್ಡು ಕೊಡುವುದು ಬೇಡ.

ಎಚ್‌ಎಲ್‌ಎ-ಬಿ27 ಇದರ ಜೊತೆ ಕಲಸಿಹೋಗುವ ಇನ್ನೊಂದು ಟೆಸ್ಟ್. ಅದು ಡಿಸ್ಕ್ ಸವಕಳಿಯದ್ದಲ್ಲ, ಬೆನ್ನಿನ ಉರಿಯೂತದ್ದು. ಇಪ್ಪತ್ತು ಮೂವತ್ತರ ಹುಡುಗ, ಬೆಳಗ್ಗೆ ಎದ್ದಾಗ ಬೆನ್ನು ಮರಗಟ್ಟಿರುತ್ತದೆ, ಓಡಾಡಿದರೆ ಸಡಿಲವಾಗುತ್ತದೆ, ಮಲಗಿದರೆ ಹೆಚ್ಚಾಗುತ್ತದೆ ಎಂದರೆ ಅದನ್ನು ಮಾಡಿಸುವುದಕ್ಕೆ ಅರ್ಥವಿದೆ, ಯಾಕೆಂದರೆ ಆ ರೋಗಕ್ಕೆ ಮದ್ದೇ ಬೇರೆ. ಅಲ್ಲೂ ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರಿಗೆ ಆ ರೋಗ ಎಂದೂ ಬರುವುದಿಲ್ಲ.

7. ಒಂದೇ ಜೀನಿನಿಂದ ಬರುವ ಅಪರೂಪದವು ಕಣ್ತಪ್ಪಬಾರದು

ಸಾಮಾನ್ಯ ಸವಕಳಿ ಹಲವು ಜೀನ್‌ಗಳ ಕೂಟ. ನಡುನಡುವೆ ಒಂದೇ ಜೀನ್ ಇಡೀ ಬೆನ್ನನ್ನು ಕೆಡಿಸಿದ ರೋಗಿಯೂ ಬರುತ್ತಾರೆ. ಎಕ್ಸ್‌ರೇಯಲ್ಲಿ ಒಂದಲ್ಲ ಎರಡಲ್ಲ, ಬೆನ್ನಿನುದ್ದಕ್ಕೂ ಡಿಸ್ಕ್‌ಗಳು ಸುಣ್ಣಗಟ್ಟಿ ಕಂಡರೆ ಆಲ್ಕಾಪ್ಟೊನ್ಯೂರಿಯಾ ನೆನಪಾಗಬೇಕು. ಕೇಳಬೇಕಾದ ಪ್ರಶ್ನೆ ಸಣ್ಣದು: ಮೂತ್ರ ಇಟ್ಟರೆ ಕಪ್ಪಾಗುತ್ತದಾ? ಚಿಕ್ಕಂದಿನಲ್ಲಿ ಬಟ್ಟೆಯ ಮೇಲೆ ಕಪ್ಪು ಕಲೆ ಆಗುತ್ತಿತ್ತು ಎಂದು ಅಮ್ಮ ಹೇಳಿದ್ದುಂಟಾ? ಕಿವಿಯ ಹಾಲೆಯ ಮೇಲ್ಭಾಗ, ಕಣ್ಣಿನ ಬಿಳಿಭಾಗ ನೋಡಿದರೆ ನೀಲಿಗಪ್ಪು ಛಾಯೆ ಸಿಗಬಹುದು. 1902ರಲ್ಲಿ ಲಂಡನ್ನಿನ ಆರ್ಚಿಬಾಲ್ಡ್ ಗ್ಯಾರಡ್ ಈ ರೋಗ ಮನೆತನಗಳಲ್ಲಿ ಇಳಿದುಬರುವ ಬಗೆಯನ್ನು ಮೆಂಡೆಲ್ಲನ ನಿಯಮದಿಂದ ವಿವರಿಸಿದ. ಮನುಷ್ಯರ ರೋಗವೊಂದಕ್ಕೆ ಅಂಥ ವಿವರಣೆ ಸಿಕ್ಕ ಮೊದಲುಗಳಲ್ಲಿ ಅದೂ ಒಂದು. ಸಂಬಂಧಿಕರಲ್ಲೇ ಮದುವೆಯಾದವರ ಮಕ್ಕಳಲ್ಲಿ ಇದು ಹೆಚ್ಚು ಎಂಬುದನ್ನೂ ಅವನೇ ಗಮನಿಸಿದ್ದ.

ಸೋದರಮಾವ, ಅತ್ತೆಮಗ ಎಂದು ಮದುವೆಯಾಗುವ ನಮ್ಮ ಕಡೆ ಇದು ಪುಸ್ತಕದ ಮಾತಲ್ಲ. ಗಂಡ ಹೆಂಡತಿ ಇಬ್ಬರೂ ಒಂದೇ ದೋಷವನ್ನು ಹೊತ್ತಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಹಂದಿಗೋಡಿನ ರೋಗದಂಥ ಪ್ರಬಲ ಜೀನಿನಲ್ಲಿ, ಒಬ್ಬರಿಗೆ ರೋಗವಿದ್ದರೂ ಸಾಕು, ಪ್ರತಿ ಮಗುವಿಗೂ ಅರ್ಧಕ್ಕರ್ಧ ಅಪಾಯ. ಕುಳ್ಳಾದ ಮುಂಡ, ಅತಿ ಉದ್ದದ ಕೈಬೆರಳು, ಎತ್ತೆತ್ತಲೋ ಬಾಗುವ ಕೀಲು, ಚಿಕ್ಕ ವಯಸ್ಸಿನಲ್ಲೇ ಸವೆದ ತೊಡೆಸಂದು, ಇವುಗಳಲ್ಲಿ ಯಾವುದಾದರೂ ಬೆನ್ನುನೋವಿನ ಜೊತೆಗಿದ್ದರೆ ಆನುವಂಶಿಕ ರೋಗಗಳ ತಜ್ಞರ ಬಳಿ ಕಳಿಸುತ್ತೇನೆ. ಜೀನ್ ಟೆಸ್ಟಿಗೆ ಬೆಲೆ ಬರುವುದು ಇಲ್ಲಿ.

8. ಎಂಆರ್‌ಐ ತೋರಿಸುವುದು ಡಿಸ್ಕನ್ನು, ನೋವನ್ನಲ್ಲ

ಅನುವಂಶಿಕತೆಯ ಅಂಕಿಗಳೆಲ್ಲ ಎಂಆರ್‌ಐಯಲ್ಲಿ ಕಂಡ ಸವಕಳಿಯವು. ಆ ಸವಕಳಿ ಎಷ್ಟು ಸಾಮಾನ್ಯ ಎಂದು ತಿಳಿಯದಿದ್ದರೆ ಅಂಕಿಗಳು ಸುಮ್ಮನೆ ಹೆದರಿಸುತ್ತವೆ. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದಾಗ ಶೇ. 52 ಮಂದಿಗೆ ಕನಿಷ್ಠ ಒಂದು ಡಿಸ್ಕ್ ಉಬ್ಬಿತ್ತು. ನೋವಿಲ್ಲದ 3,110 ಜನರ ಮಾಹಿತಿ ಒಟ್ಟುಗೂಡಿಸಿದ 2015ರ ವಿಮರ್ಶೆಯಲ್ಲಿ, ಇಪ್ಪತ್ತರ ವಯಸ್ಸಿನಲ್ಲೇ ಶೇ. 37 ಮಂದಿಯಲ್ಲಿ ಸವಕಳಿ, ಎಂಬತ್ತಕ್ಕೆ ಶೇ. 96. ಹಾಂಗ್‌ಕಾಂಗ್‌ನ 1,043 ಜನಸಾಮಾನ್ಯರಲ್ಲಿ ಮೂವತ್ತರೊಳಗಿನವರ ಪೈಕಿ ಶೇ. 40, ಐವತ್ತು ದಾಟಿದವರಲ್ಲಿ ಶೇ. 90ಕ್ಕೂ ಹೆಚ್ಚು.

ಹಾಗಾಗಿ ಅಪ್ಪನ ವರದಿ, ಮಗನ ವರದಿ ಎರಡನ್ನೂ ಮೇಜಿನ ಮೇಲೆ ಹರಡಿ "ನೋಡಿ, ಒಂದೇ ಕಡೆ, ಎಲ್4-ಎಲ್5!" ಎಂದವರಿಗೆ ನಾನು ಹೇಳುತ್ತೇನೆ: ಜಗತ್ತಿನ ಬಹುಪಾಲು ಜನರ ಸವಕಳಿ ಎಲ್4-ಎಲ್5, ಎಲ್5-ಎಸ್1ರಲ್ಲೇ ಇರುತ್ತದೆ. ಅದು ನಿಮ್ಮ ಮನೆತನದ ಗುರುತಲ್ಲ. ಕಾಲಿನ ಯಾವ ಭಾಗಕ್ಕೆ ಜೋಮು, ಯಾವ ಬೆರಳಿಗೆ ಶಕ್ತಿ ಇಲ್ಲ, ಕಾಲೆತ್ತಿದರೆ ಎಲ್ಲಿ ಸೆಳೆಯುತ್ತದೆ ಎಂಬುದಕ್ಕೆ ಚಿತ್ರ ಹೊಂದಿದರೆ ಮಾತ್ರ ಚಿತ್ರಕ್ಕೆ ಬೆಲೆ.

9. ಡಿಸ್ಕಿನ ವಂಶ ಒಂದು, ನೋವಿನ ವಂಶ ಇನ್ನೊಂದು

ಫಿನ್ಲೆಂಡಿನ ಅವಳಿಗಳಲ್ಲೇ ಬೆನ್ನುನೋವಿನ ಅನುವಂಶಿಕತೆ ಅಳೆದಾಗ ಅದು ಶೇ. 30ರಿಂದ 46ರ ನಡುವೆ ಬಂತು, ಸವಕಳಿಗಿಂತ ಕಡಿಮೆ. ಆ ನೋವಿಗೆ ಕಾರಣವಾದ ಜೀನ್‌ಗಳಲ್ಲಿ ಡಿಸ್ಕನ್ನು ಸವೆಸುವ ಜೀನ್‌ಗಳ ಪಾಲು ಸಣ್ಣದು. ಇನ್ನುಳಿದದ್ದು ನೋವನ್ನು ಗ್ರಹಿಸುವ ನರವ್ಯೂಹ, ನಿದ್ದೆ, ಮನಸ್ಸಿನ ಭಾರ ಇಂಥವುಗಳ ಕಡೆ ಬೆರಳು ಮಾಡುತ್ತದೆ. ಅಪ್ಪನ ಡಿಸ್ಕನ್ನೇ ಪಡೆದ ಮಗ ಅಪ್ಪನ ನೋವನ್ನು ಪಡೆಯಲೇಬೇಕೆಂದಿಲ್ಲ.

ಮನೆಗಳಲ್ಲಿ ನಡೆಯುವುದು ಇದರ ವಿರುದ್ಧ. ಅಪ್ಪನಿಗೆ ಆಪರೇಷನ್ ಆಯಿತೆಂದು ಮಗನನ್ನು ಕಬಡ್ಡಿಗೆ ಬಿಡುವುದಿಲ್ಲ. ಅಮ್ಮ ಬೆಲ್ಟ್ ಹಾಕುತ್ತಾರೆಂದು ಮಗಳಿಗೆ ಕೊಡ ಎತ್ತಬೇಡ ಎನ್ನುತ್ತಾರೆ. ನೋವು ಬರುವ ಮೊದಲೇ ಬೆನ್ನಿನ ಬಗ್ಗೆ ಹೆದರಿಕೆ ಬಂದುಬಿಡುತ್ತದೆ. ಹೆದರಿದವರು ಬಗ್ಗುವುದು, ಓಡುವುದು ಬಿಡುತ್ತಾರೆ. ಬಿಟ್ಟ ಮೇಲೆ ಸ್ನಾಯು ಸೊರಗಿ ಸಣ್ಣ ಉಳುಕೂ ದೊಡ್ಡದಾಗುತ್ತದೆ. ಸಂಬಂಧ ನೋಡುವಾಗ "ಅವರ ಮನೆಯಲ್ಲಿ ಎಲ್ಲರಿಗೂ ಡಿಸ್ಕಂತೆ, ಹೆಣ್ಣು ತರಬಹುದಾ?" ಎಂದು ಕೇಳಿಕೊಂಡು ಬಂದವರಿಗೂ ನನ್ನ ಮಾತು ಇದೇ. ಸಾಮಾನ್ಯ ಡಿಸ್ಕ್ ಸವಕಳಿ ಮದುವೆ ತಪ್ಪಿಸುವ ಕಾಯಿಲೆಯಲ್ಲ. ಕೇಳಿದವರ ಸ್ವಂತ ಎಂಆರ್‌ಐ ತೆಗೆದರೆ ಅವರ ಮನೆಯಲ್ಲೂ ಅದು ಸಿಗುತ್ತದೆ.

10. ನಮ್ಮ ಕೈಯಲ್ಲಿರುವ ಪಾಲು ಚಿಕ್ಕದಾದರೂ, ಕೈಯಲ್ಲಿರುವುದು ಅದೊಂದೇ

ಬೀಡಿ ಸಿಗರೇಟು ಮೊದಲು. ಒಬ್ಬ ಬಹಳ ಸೇದುವ, ಇನ್ನೊಬ್ಬ ಸೇದದ 20 ಜೋಡಿ ತದ್ರೂಪಿ ಅವಳಿಗಳನ್ನು 1991ರಲ್ಲಿ ಹೋಲಿಸಿದಾಗ, ಸೇದುವವರ ಸೊಂಟದ ಡಿಸ್ಕ್‌ಗಳಲ್ಲಿ ಸವಕಳಿ ಸರಾಸರಿ ಶೇ. 18 ಹೆಚ್ಚಿತ್ತು. ಜೀನ್ ಒಂದೇ ಆದದ್ದರಿಂದ ಅಪ್ಪ ಅಮ್ಮನನ್ನು ದೂರುವ ಹಾಗಿಲ್ಲ.

ತೂಕದ ವಿಷಯದಲ್ಲಿ ಸಾಕ್ಷ್ಯ ಎರಡು ಕಡೆಗಿದೆ. ಹಾಂಗ್‌ಕಾಂಗ್‌ನ 2,599 ಜನರಲ್ಲಿ ಬೊಜ್ಜಿನವರ ಡಿಸ್ಕ್ ಹೆಚ್ಚು ಸವೆದಿತ್ತು. ಫಿನ್ಲೆಂಡಿನ ಅವಳಿಗಳಲ್ಲಿ ದಪ್ಪಗಿದ್ದವನ ಡಿಸ್ಕ್ ತೆಳ್ಳಗಿದ್ದವನದಕ್ಕಿಂತ ಕೆಟ್ಟಿರಲಿಲ್ಲ. ಆದರೂ ತೂಕ ಇಳಿಸಿ ಎನ್ನುತ್ತೇನೆ. ಸಕ್ಕರೆ ಕಾಯಿಲೆಗೆ, ಮಂಡಿಗೆ, ಮುಂದೆ ಆಪರೇಷನ್ ಬೇಕಾದರೆ ಅದಕ್ಕೆ, ಎಲ್ಲದಕ್ಕೂ ಅದು ಒಳ್ಳೆಯದು. "ಡಿಸ್ಕ್ ಸರಿಯಾಗುತ್ತದೆ" ಎಂದು ಮಾತ್ರ ಹೇಳುವುದಿಲ್ಲ.

ಓಡಾಟದ ಬಗ್ಗೆ ಅನುಮಾನವೇ ಇಲ್ಲ. ನಿಯಮಿತವಾಗಿ ಓಡುವವರ ಡಿಸ್ಕ್‌ಗಳಲ್ಲಿ ನೀರಿನಂಶ ಹೆಚ್ಚು ಎಂದು 2017ರ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿದೆ. ರಕ್ತನಾಳವಿಲ್ಲದ ಡಿಸ್ಕ್ ಹೊರೆ ಮತ್ತು ಬಿಡುವುಗಳ ನಡುವೆಯೇ ಬದುಕುತ್ತದೆ. ವಂಶದಲ್ಲಿ ತೊಂದರೆ ಇದ್ದವರು ನಡೆಯಬೇಕಾದದ್ದು ಇತರರಿಗಿಂತ ಹೆಚ್ಚು, ಕಡಿಮೆಯಲ್ಲ.

11. "ಅಪ್ಪಂಗೂ ಹಿಂಗೇ ಆಗಿ ತಾನೇ ಹೋಯ್ತು" ಎಂಬ ಧೈರ್ಯಕ್ಕೆ ಒಂದು ಗಡಿ ಇರಲಿ

ಡಿಸ್ಕ್ ಜಾರಿ ಕಾಲಿಗೆ ಸೆಳೆತ ಬಂದವರಲ್ಲಿ ಹೆಚ್ಚಿನವರು ಆಪರೇಷನ್ ಇಲ್ಲದೆ ವಾಸಿಯಾಗುತ್ತಾರೆ. ಹೊರಬಂದ ತುಣುಕನ್ನು ದೇಹವೇ ಕರಗಿಸಿಕೊಳ್ಳುವುದುಂಟು. ತೀವ್ರ ಸೆಳೆತ ಆರರಿಂದ ಹನ್ನೆರಡು ವಾರ ಉಳಿದ 283 ಜನರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದ, 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇಗ ಆಪರೇಷನ್ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿಯಿತು. ವರ್ಷ ತುಂಬಿದಾಗ ಎರಡೂ ಗುಂಪಿನಲ್ಲಿ ಶೇ. 95 ಮಂದಿ ಚೇತರಿಸಿಕೊಂಡಿದ್ದರು. ಕಾಯುವ ಗುಂಪಿನಲ್ಲೂ ಐದರಲ್ಲಿ ಇಬ್ಬರ ಹತ್ತಿರ ಕೊನೆಗೆ ಆಪರೇಷನ್‌ಗೆ ಹೋದರು ಎಂಬುದನ್ನೂ ಹೇಳಬೇಕು. ಕುಟುಂಬದ ಇತಿಹಾಸ ಇದೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಟೇಬಲ್ ಮೇಲೆ ಮಲಗಿಸುವ ಅಗತ್ಯವಿಲ್ಲ.

ಡಿಸ್ಕ್ ತೊಂದರೆ ಅಭ್ಯಾಸವಾದ ಮನೆಗಳಲ್ಲಿ ಅಪಾಯ ಬರುವುದು ಬೇರೆ ಕಡೆಯಿಂದ. ಅವರಿಗೆ ಸೊಂಟನೋವು ಹೊಸದಲ್ಲ. ಅಪ್ಪ ಮಲಗಿದ್ದರು, ಎದ್ದರು, ದೊಡ್ಡಪ್ಪನೂ ಹಾಗೇ. ಮಗನಿಗೆ ಬಂದಾಗ ಅದೇ ಎಣ್ಣೆ, ಅದೇ ಹಲಗೆ ಮಂಚ, ಅದೇ ಸಮಾಧಾನ. ಆದ್ದರಿಂದ ವಂಶದಲ್ಲಿ ಡಿಸ್ಕ್ ತೊಂದರೆ ಇರುವ ಪ್ರತಿ ಮನೆಯವರಿಗೂ ನಾನು ಚೀಟಿಯ ಹಿಂದೆ ನಾಲ್ಕು ಸಾಲು ಬರೆದುಕೊಡುತ್ತೇನೆ. ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ. ಮಲದ ಹಿಡಿತ ತಪ್ಪಿದರೆ. ಕೂರುವ ಜಾಗ, ತೊಡೆಯ ಒಳಭಾಗ ಮರಗಟ್ಟಿದರೆ. ಪಾದ ಎತ್ತಲಾಗದೆ ಚಪ್ಪಲಿ ಜಾರುತ್ತಿದ್ದರೆ ಅಥವಾ ಎರಡೂ ಕಾಲು ಸೋಲುತ್ತಿದ್ದರೆ. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ, ಆ ರಾತ್ರಿಯೇ ಆಪರೇಷನ್ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಆ ನಾಲ್ಕರಲ್ಲಿ ಅಪ್ಪನಿಗೆ ಏನಾಗಿತ್ತು ಎಂದು ಕೇಳುತ್ತಾ ಕೂರಬಾರದು.